ಸೋರುವ ತೊಗಲು

ಕೂಸು ಅಳುತ್ತದೆ. ತೂಕ ಎರಡೂವರೆ ಕಿಲೋದ ಹತ್ತಿರ, ಎದೆಬಡಿತ ಚುರುಕು, ಕೈಕಾಲು ಆಡುತ್ತಿವೆ. ಆದರೂ ಮೈ ಒರೆಸಲು ಬಟ್ಟೆ ಹಿಡಿದ ನರ್ಸಿನ ಕೈ ಅರೆಗಳಿಗೆ ತಡೆಯುತ್ತದೆ. ನೆತ್ತಿಯಿಂದ ಅಂಗಾಲಿನವರೆಗೆ ಬಿಗಿಯಾದ, ಮಿರುಗುವ, ತುಸು ಹಳದಿ ಛಾಯೆಯ ಪೊರೆಯೊಂದು ಕೂಸನ್ನು ಸುತ್ತಿಕೊಂಡಿದೆ. ಅದರ ಎಳೆತಕ್ಕೆ ಕಣ್ಣೆವೆಗಳು ಹೊರಕ್ಕೆ ಮಗುಚಿ ಒಳಗಿನ ಕೆಂಪು ಕಾಣುತ್ತಿದೆ. ತುಟಿಗಳು ಹೊರಚಾಚಿವೆ, ಕೂಡುತ್ತಿಲ್ಲ. ಕಿವಿಗಳು ತಲೆಗೆ ಒತ್ತಿಕೊಂಡಿವೆ, ಬೆರಳುಗಳು ಅರ್ಧ ಮಡಚಿದಂತೆಯೇ ನಿಂತಿವೆ. ಕಂಕುಳಲ್ಲಿ, ಮೊಣಕಾಲಿನ ಹಿಂದೆ ಪೊರೆ ಆಗಲೇ ಬಿರುಕು ಬಿಟ್ಟು ಒಳಗಿನ ಎಳೆ ಚರ್ಮ ರಕ್ತಗೆಂಪಾಗಿದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹೆರಿಗೆ ಕೋಣೆಯಲ್ಲಿ ಇಂಥ ಕೂಸು ಕಣ್ಣಿಗೆ ಬಿದ್ದರೆ, ಬಾಣಂತಿಯ ಜೊತೆಗೆ ಬಂದ ಹಿರಿಯಳು ಹೇಳುವುದು ಇಷ್ಟೇ: "ಸಿಸ್ಟರ್, ಕೂಸಿನ ಮೈಮ್ಯಾಲ ಏನೋ ಸುತ್ಕೊಂಡೈತ್ರಿ. ಸಾವಕಾಶ ಅದನ್ನ ತಗದ ಬಿಡ್ರಿ."

ತೆಗೆಯಬಾರದು. ಉಗುರಿನಿಂದ ಕೀಳುವುದಾಗಲಿ, ಕಡಲೆಹಿಟ್ಟು ಹಾಕಿ ತಿಕ್ಕುವುದಾಗಲಿ, ಎಣ್ಣೆ ಹಚ್ಚಿ ಉಜ್ಜಿ ಎಬ್ಬಿಸುವುದಾಗಲಿ ಸಲ್ಲದು. ಆ ಪೊರೆ ಎರಡರಿಂದ ನಾಲ್ಕು ವಾರಗಳಲ್ಲಿ ಹಾಳೆಹಾಳೆಯಾಗಿ ತಾನೇ ಉದುರುತ್ತದೆ. ಅದಕ್ಕೆ ಮೊದಲು ಕಿತ್ತರೆ ಕೂಸಿಗೆ ಉಳಿದಿರುವ ಅಷ್ಟಿಷ್ಟು ರಕ್ಷಣೆಯೂ ಹೋಗಿ, ಕಿತ್ತ ಜಾಗದಿಂದ ನಂಜು ಒಳಹೊಕ್ಕು ರಕ್ತಕ್ಕೇರುತ್ತದೆ. ವೈದ್ಯರು ಇಂಥ ಕೂಸನ್ನು 'ಕೊಲೊಡಿಯನ್ ಬೇಬಿ' ಎನ್ನುತ್ತಾರೆ. ಕೊಲೊಡಿಯನ್ ಎನ್ನುವುದು ಗಾಯದ ಮೇಲೆ ಬಳಿದರೆ ಒಣಗಿ ತೆಳು ಪೊರೆಯಾಗುವ ಒಂದು ದ್ರಾವಣ. 1892ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ಈ ಹೆಸರಿಟ್ಟರು. ನಮ್ಮ ಪತ್ರಿಕೆಗಳಲ್ಲಿ ಇದು 'ಪ್ಲಾಸ್ಟಿಕ್ ಬೇಬಿ' ಎಂದು ಸುದ್ದಿಯಾಗುತ್ತದೆ, ಫೋಟೊ ಸಮೇತ. ಆ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರುವಷ್ಟು ವೇಗದಲ್ಲಿ, ಕೂಸನ್ನು ಹೇಗೆ ಎತ್ತಿಕೊಳ್ಳಬೇಕು ಎಂಬ ತಿಳಿವಳಿಕೆ ಊರಿಂದೂರಿಗೆ ಹೋಗಿದ್ದರೆ ಎಷ್ಟೋ ಕೂಸುಗಳು ಉಳಿಯುತ್ತಿದ್ದವು.

ನೋಡಿದವರೆಲ್ಲ ತಪ್ಪು ತಿಳಿಯುವುದು ಒಂದೇ ಕಡೆ. ಕಣ್ಣಿಗೆ ಕಾಣುವುದು ದಪ್ಪ ತೊಗಲು. ಹಾಗಾಗಿ ಕೂಸು ಒಳಗೆ ಉಸಿರುಗಟ್ಟಿದೆ, ಹೊದಿಕೆ ಹೆಚ್ಚಾಗಿದೆ ಎಂದೇ ಎಲ್ಲರ ಎಣಿಕೆ. ನಿಜ ಸ್ಥಿತಿ ಅದಕ್ಕೆ ತಿರುಗಾಮುರುಗಾ. ಆ ತೊಗಲು ದಪ್ಪವಿದ್ದರೂ ಸೋರುತ್ತದೆ. ಕೂಸಿನ ಮೈಯ ನೀರು ಆವಿಯಾಗಿ ಹಗಲೂ ರಾತ್ರಿ ಹೊರಗೆ ಹೋಗುತ್ತಲೇ ಇರುತ್ತದೆ, ಯಾರ ಕಣ್ಣಿಗೂ ಬೀಳದೆ.

ನಮ್ಮ ಚರ್ಮದ ತೀರಾ ಹೊರಗಿನ ಪದರ ಸತ್ತ ಕೋಶಗಳದ್ದು. ಮೈಯ ಬಹುಭಾಗದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಅಷ್ಟರಲ್ಲೇ 15-20 ಸಾಲು ಚಪ್ಪಟೆ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗೆ ಹುಟ್ಟಿದ ಕೋಶ ಮೇಲಕ್ಕೆ ಸರಿಯುತ್ತ, ಗಟ್ಟಿಯಾಗುತ್ತ, ಸಾಯುತ್ತ ತುದಿಗೆ ಬಂದು ಉದುರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಆದರೆ ನೀರನ್ನು ತಡೆಯುವ ಕೆಲಸ ಬರೀ ಕೋಶಗಳಿಂದ ಆಗುವುದಿಲ್ಲ. ಕೋಶಕ್ಕೂ ಕೋಶಕ್ಕೂ ನಡುವಿನ ಸಂದಿಯಲ್ಲಿ ಜಿಡ್ಡಿನ ಪದರಗಳಿರುತ್ತವೆ. ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳಿಂದಾದ ತೀರಾ ತೆಳು ಪದರಗಳು. ನೀರಿಗೆ ದಾರಿ ಬಿಡದವು ಇವೇ. ಜಿಡ್ಡು ಇಲ್ಲದೆ ಕೋಶಗಳ ಸಾಲು ಎಷ್ಟು ಬೆಳೆದರೂ ಅಷ್ಟೇ; ಕೌದಿಗೆ ಹತ್ತು ಪದರ ಬಟ್ಟೆ ಕೊಟ್ಟು ಹೊಲಿದರೂ ಅದು ನೀರು ಹಿಡಿಯುವುದಿಲ್ಲವಲ್ಲ, ಹಾಗೆ.

ಈ ಜಿಡ್ಡಿನ ಗೋಡೆ ಕಟ್ಟಲು ಕೆಲವು ಪ್ರೋಟೀನುಗಳು ಬೇಕು. ಟಿಜಿಎಂ1 ಎಂಬ ಜೀನ್ ತಯಾರಿಸುವ ಕಿಣ್ವ, ಸಾಯುವ ಕೋಶದ ಸುತ್ತ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಗಟ್ಟಿ ಕವಚ ಮಾಡುತ್ತದೆ, ಜಿಡ್ಡು ಅಂಟಿಕೊಳ್ಳಲು ನೆಲೆ ಕೊಡುತ್ತದೆ. 14ನೇ ವರ್ಣತಂತುವಿನಲ್ಲಿರುವ ಈ ಜೀನ್ ಕೆಟ್ಟರೆ ಇಂಥ ಚರ್ಮ ಬರುತ್ತದೆ ಎಂದು ಗೊತ್ತಾದದ್ದು 1995ರಲ್ಲಿ. ಎಬಿಸಿಎ12 ಎಂಬ ಇನ್ನೊಂದು ಜೀನಿನ ಕೆಲಸ ಕೋಶದೊಳಗೆ ಜಿಡ್ಡನ್ನು ಸಣ್ಣ ಸಣ್ಣ ಕಣಗಳಲ್ಲಿ ತುಂಬುವುದು. ಆ ಕಣಗಳೇ ಮುಂದೆ ಸಂದಿಗೆ ಜಿಡ್ಡು ಸುರಿಯುತ್ತವೆ. ಇವಲ್ಲದೆ ಇನ್ನೂ ಹಲವು ಜೀನುಗಳಿವೆ. ಇವುಗಳಲ್ಲಿ ಯಾವುದು ಕೆಟ್ಟರೂ ಮೈ ತನಗೆ ತಿಳಿದ ಒಂದೇ ಉಪಾಯಕ್ಕೆ ಕೈಹಾಕುತ್ತದೆ: ಸೋರುತ್ತಿದೆ, ಇನ್ನಷ್ಟು ಕೋಶ ಕಳಿಸು. ಕೋಶಗಳು ಬಂದು ಬಂದು ಪೇರುತ್ತವೆ, ಉದುರಬೇಕಾದವು ಉದುರುವುದಿಲ್ಲ, ತೊಗಲು ದಪ್ಪವಾಗುತ್ತದೆ. ಆದರೂ ಸೋರಿಕೆ ನಿಲ್ಲುವುದಿಲ್ಲ. ಹೀಗೆ ಹುರುಪೆಗಟ್ಟುವ ರೋಗಗಳಿಗೆಲ್ಲ ಸೇರಿ ಇಕ್ತಿಯೋಸಿಸ್ ಎಂದು ಹೆಸರು.

ತಾಯ ಹೊಟ್ಟೆಯಲ್ಲಿ ಇದು ಕಾಣಿಸುವುದು ಅಪರೂಪ. ಕೂಸು ನೀರಿನಲ್ಲೇ ಮುಳುಗಿರುವಾಗ ಸೋರಿ ಹೋಗುವ ಮಾತೆಲ್ಲಿ? ಬೆಳೆಯುತ್ತದೆ, ಒದೆಯುತ್ತದೆ, ಸ್ಕ್ಯಾನಿಂಗಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಗರ್ಭದ ನೀರಿನಿಂದ ಗಾಳಿಗೆ ಬಂದ ಗಳಿಗೆಯಿಂದ ಕಷ್ಟ ಶುರು. ಆರೋಗ್ಯದ ಕೂಸು ದಿನಕ್ಕೆ ಚರ್ಮದ ಮೂಲಕ ಕಳೆದುಕೊಳ್ಳುವ ನೀರು ಕೆಲವೇ ಚಮಚ. ಈ ಕೂಸು ಅದರ ಹಲವು ಪಟ್ಟು ಕಳೆದುಕೊಳ್ಳುತ್ತದೆ. ನೀರು ಆವಿಯಾಗುವಾಗ ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. 100 ಮಿಲಿಲೀಟರ್ ನೀರು ಆವಿಯಾಗಲು ಸುಮಾರು 58 ಕಿಲೋ ಕ್ಯಾಲೊರಿ ಬೇಕು; ಎರಡೂವರೆ ಕಿಲೋದ ಕೂಸು ಇಡೀ ದಿನ ಕುಡಿಯುವ ಹಾಲಿನಿಂದ ಪಡೆಯುವ ಶಕ್ತಿಯ ಐದನೇ ಒಂದು ಪಾಲು ಅಲ್ಲಿಗೇ ಹೋಯಿತು. ಮೈ ತಣ್ಣಗಾಗುತ್ತದೆ. ರಕ್ತದಲ್ಲಿ ನೀರು ಕಡಿಮೆಯಾಗಿ ಸೋಡಿಯಂ ಏರುತ್ತದೆ, ಅದು ಮಿತಿ ಮೀರಿದರೆ ಮೆದುಳಿಗೆ ಪೆಟ್ಟು, ಫಿಟ್ಸ್. ತುಟಿ ಕೂಡದ ಕಾರಣ ಮೊಲೆ ಚೀಪಲಾಗದು. ಎದೆಯ ಸುತ್ತ ಪೊರೆ ಬಿಗಿದಿದ್ದರೆ ಉಸಿರಾಟವೂ ಕಷ್ಟ.

ಹುರುಪೆಗಟ್ಟುವ ಈ ರೋಗಗಳಲ್ಲೆಲ್ಲ ಘೋರವಾದದ್ದು ಹಾರ್ಲೆಕ್ವಿನ್ ಇಕ್ತಿಯೋಸಿಸ್. ಎಬಿಸಿಎ12 ಪೂರ್ತಿ ಕೆಟ್ಟಾಗ ಬರುವಂಥದ್ದು. ಚರ್ಮ ತೆಳು ಪೊರೆಯಾಗುವ ಬದಲು ದಪ್ಪ ಬಿಲ್ಲೆಗಳಾಗಿ, ನಡುವೆ ಆಳವಾದ ಕೆಂಪು ಸೀಳುಗಳೊಂದಿಗೆ ಬರುತ್ತದೆ. 1750ರ ಏಪ್ರಿಲ್‌ನಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನ ಪಾದ್ರಿ ಆಲಿವರ್ ಹಾರ್ಟ್ ಇಂಥ ಒಂದು ಕೂಸನ್ನು ನೋಡಿ ದಿನಚರಿಯಲ್ಲಿ ಬರೆದಿಟ್ಟರು. ಈ ರೋಗದ ಮೊದಲ ದಾಖಲೆ ಅದು. ಕಾರಣ ಕೈಗೆ ಸಿಕ್ಕಿದ್ದು 255 ವರ್ಷಗಳ ಮೇಲೆ, 2005ರಲ್ಲಿ, ಲಂಡನ್ ಮತ್ತು ಜಪಾನಿನ ಎರಡು ತಂಡಗಳಿಗೆ. ನಮಗೆ ಹತ್ತಿರದ, ಹೆಚ್ಚು ಸುದ್ದಿಯಾದ ಪ್ರಕರಣ 2016ರ ಜೂನ್ ತಿಂಗಳದ್ದು: ನಾಗಪುರದ ಲತಾ ಮಂಗೇಶ್ಕರ್ ಆಸ್ಪತ್ರೆಯಲ್ಲಿ ಹುಟ್ಟಿದ ಹೆಣ್ಣು ಕೂಸು ಎರಡು ದಿನ ಬದುಕಿತು. ಹಾಗೆಂದು ಈ ಹೆಸರು ಕೇಳಿದ ಕೂಡಲೆ ಕೈಚೆಲ್ಲುವಂತಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾನಾ ಕಡೆಯ 45 ಹಾರ್ಲೆಕ್ವಿನ್ ಕೂಸುಗಳ ಕತೆ ಕೂಡಿಸಿ ನೋಡಿತು. ಅವರಲ್ಲಿ 25 ಮಕ್ಕಳು ಬದುಕುಳಿದಿದ್ದರು.

ಕೊಲೊಡಿಯನ್ ಪೊರೆಯ ಕೂಸುಗಳ ಭವಿಷ್ಯ ಇದಕ್ಕಿಂತ ಎಷ್ಟೋ ಮೇಲು. ಪೊರೆ ಉದುರಿದ ಮೇಲೆ ಹೆಚ್ಚಿನವರಿಗೆ ಜೀವನಪೂರ್ತಿ ಹುರುಪೆಯ ಅಥವಾ ಕೆಂಪು ಚರ್ಮ ಉಳಿಯುತ್ತದೆ, ನಿಜ. ಆದರೆ ಹತ್ತರಲ್ಲಿ ಒಂದು ಕೂಸಿಗೆ ಪೊರೆಯ ಕೆಳಗಿಂದ ಬಹುಮಟ್ಟಿಗೆ ಸಹಜವಾದ ಚರ್ಮವೇ ಹೊರಬರುತ್ತದೆ. ಊರವರು ಇದನ್ನು ಪವಾಡ ಎಂದರೆ ತಪ್ಪೆನ್ನಲಾರೆ. ವಿಜ್ಞಾನಿಗಳು 2003ರಲ್ಲಿ ಕೊಟ್ಟ ವಿವರಣೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅಂಥ ಕೆಲವು ಕೂಸುಗಳ ಟಿಜಿಎಂ1 ಕಿಣ್ವ ಸಣ್ಣಗೆ ಮಾತ್ರ ಕೆಟ್ಟಿರುತ್ತದೆ. ಗರ್ಭದ ನೀರಿನ ಒತ್ತಡದಲ್ಲಿ ನೀರಿನ ಕಣಗಳು ಅದರ ಮಡಿಕೆಗಳಲ್ಲಿ ಸಿಕ್ಕಿಕೊಂಡು ಅದು ಕೆಲಸ ನಿಲ್ಲಿಸಿರುತ್ತದೆ. ಹುಟ್ಟಿ ಒತ್ತಡ ಇಳಿದ ಮೇಲೆ ಕಿಣ್ವ ಎಚ್ಚತ್ತು ಕೆಲಸಕ್ಕೆ ತೊಡಗುತ್ತದೆ. ಇನ್ನೊಂದು ಬಗೆಯಲ್ಲಿ ಕಿಣ್ವಕ್ಕೆ ಶಾಖ ಆಗದು: ಮೈಯ ಬೆಚ್ಚಗಿನ ಭಾಗಗಳಾದ ಎದೆ, ಬೆನ್ನು, ಕಂಕುಳಲ್ಲಿ ಹುರುಪೆ, ತಂಪಾಗಿರುವ ಕೈಕಾಲು ಬಹುಪಾಲು ಶುಭ್ರ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಯಲುಸೀಮೆಯಲ್ಲಿ ಇದನ್ನು ನೆನಪಿಡಬೇಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಯಾಕೆ ಬಂತು? ಬಸುರಿ ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಗಂಡ ಹಾವು ಹೊಡೆದಿದ್ದ, ನಾಗದೋಷ ಐತಿ — ಇಂಥ ಮಾತುಗಳು ಬಾಣಂತಿಯ ಮಂಚದ ಸುತ್ತ ಬೇಗ ಬೆಳೆಯುತ್ತವೆ, ಮತ್ತು ಬೆರಳು ತಿರುಗುವುದು ಯಾವಾಗಲೂ ಆಕೆಯ ಕಡೆಗೇ. ಅದಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ಹೆಚ್ಚುಕಡಿಮೆ ಪ್ರತಿಯೊಂದು ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟರೂ ಇನ್ನೊಂದು ಇಡೀ ಕೆಲಸ ನಿಭಾಯಿಸುತ್ತದೆ. ಹೊತ್ತವರಿಗೆ ಅದು ಇದೆ ಎಂಬ ಸುಳಿವೂ ಇರುವುದಿಲ್ಲ. ಈ ಗುಂಪಿನ ರೋಗ ಕೂಸಿಗೆ ಬರಬೇಕಾದರೆ ಎರಡೂ ಪ್ರತಿ ಕೆಟ್ಟಿರಬೇಕು. ಅಂದರೆ ಅಪ್ಪನ ಪಾಲು ಸರಿಯಾಗಿ ಅರ್ಧ, ಅವ್ವನ ಪಾಲು ಸರಿಯಾಗಿ ಅರ್ಧ. ಕೂಸು ಬಸಿರಲ್ಲಿ ಮೂಡಿದ ಕ್ಷಣಕ್ಕೇ ಅದು ತೀರ್ಮಾನವಾಗಿರುತ್ತದೆ. ಆಮೇಲೆ ಆಕೆ ಏನು ತಿಂದಳು, ಏನು ನೋಡಿದಳು ಎಂಬುದರಿಂದ ಒಂದಕ್ಷರವೂ ಬದಲಾಗದು.

ಅಪರೂಪದ ಎರಡು ಕೆಟ್ಟ ಪ್ರತಿಗಳು ಒಂದೇ ಕೂಸಿನಲ್ಲಿ ಕೂಡುವುದು ಹೇಗೆ? ಇಲ್ಲಿ ನಮ್ಮ ಮದುವೆಯ ಪದ್ಧತಿಯ ಮಾತು ಬರುತ್ತದೆ. ಅಕ್ಕನ ಮಗಳನ್ನು ಮಾಡಿಕೊಳ್ಳುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳಿಗೆ ತರುವುದು ಕೊಡುವುದು ಕರ್ನಾಟಕದಲ್ಲಿ ಹಳೆಯ ರೂಢಿ. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿಯಿದ್ದ ಕಡೆ ಇದಕ್ಕೆ ಜಾಗ ಬಿಟ್ಟಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಅವರಿದ್ದ ತಂಡ ಬೆಂಗಳೂರು-ಮೈಸೂರಿನ ಹೆರಿಗೆಗಳಿಂದ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿತು. ನೂರಕ್ಕೆ ಸುಮಾರು 31 ಮದುವೆಗಳು ರಕ್ತಸಂಬಂಧದೊಳಗಿನವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪಾಲು ಕಾಲು ಭಾಗಕ್ಕಿಂತ ಹೆಚ್ಚೇ ಇತ್ತು. ಈ ರೂಢಿಯ ಹಿಂದೆ ಜನರಿಗೆ ತಕ್ಕ ಕಾರಣಗಳಿವೆ. ಹೊಲ ಹೊರಗೆ ಹೋಗುವುದಿಲ್ಲ, ವರದಕ್ಷಿಣೆಯ ಭಾರ ಇಳಿಯುತ್ತದೆ, ಹೆಣ್ಣುಮಗಳು ಕಂಡರಿಯದ ಮನೆಗೆ ಬೀಳದೆ ಅಜ್ಜಿಯ ಕಣ್ಣೆದುರೇ ಬಾಳುತ್ತಾಳೆ. ಅವನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಲೆಕ್ಕವನ್ನು ಮಾತ್ರ ಮುಂದಿಡುತ್ತೇನೆ.

ಇಂಥ ಒಂದು ಕೆಟ್ಟ ಪ್ರತಿ 250 ಜನರಲ್ಲಿ ಒಬ್ಬರಿಗಿದೆ ಎಂದು ಇಟ್ಟುಕೊಳ್ಳಿ. ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೆ ಅದು ಇಬ್ಬರಲ್ಲೂ ಇರುವ ಸಾಧ್ಯತೆ 250ನ್ನು 250ರಿಂದ ಗುಣಿಸಿದಷ್ಟು ಸಲಕ್ಕೆ ಒಂದು. ಇಬ್ಬರಲ್ಲೂ ಇದ್ದರೂ ಕೂಸಿಗೆ ಎರಡೂ ಕೆಟ್ಟವೇ ಹೋಗುವುದು ನಾಲ್ಕರಲ್ಲಿ ಒಂದು ಸಲ. ಒಟ್ಟಿಗೆ, ಎರಡೂವರೆ ಲಕ್ಷ ಹೆರಿಗೆಗೆ ಒಂದು ಕೂಸು. ಈಗ ಸೋದರಮಾವ ಅಕ್ಕನ ಮಗಳನ್ನು ಕಟ್ಟಿಕೊಂಡ ಎನ್ನಿ. ಮಾವನಲ್ಲಿ ಕೆಟ್ಟ ಪ್ರತಿ ಇರುವ ಸಾಧ್ಯತೆ ಅದೇ 250ರಲ್ಲಿ ಒಂದು. ಅವನಲ್ಲಿದ್ದರೆ ಅಕ್ಕನಲ್ಲೂ ಇರುವುದು ಎರಡರಲ್ಲಿ ಒಂದು, ಅವಳಿಂದ ಮಗಳಿಗೆ ಇಳಿಯುವುದು ಮತ್ತೆ ಎರಡರಲ್ಲಿ ಒಂದು. ಕೊನೆಗೆ ಕೂಸಿನ ನಾಲ್ಕರಲ್ಲಿ ಒಂದು. 250 ಗುಣಿಸು 4 ಗುಣಿಸು 4: ನಾಲ್ಕು ಸಾವಿರ ಹೆರಿಗೆಗೆ ಒಂದು. ಸೋದರತ್ತೆ-ಸೋದರಮಾವನ ಮಕ್ಕಳ ನಡುವಿನ ಮದುವೆಯಾದರೆ ಎಂಟು ಸಾವಿರಕ್ಕೆ ಒಂದು. ಅಕ್ಕನ ಮಗಳನ್ನು ಕಟ್ಟಿಕೊಂಡಲ್ಲಿ ಅಪಾಯ ಅರವತ್ತು ಪಟ್ಟು ಏರಿತು. ಆದರೂ ನಾಲ್ಕು ಸಾವಿರದಲ್ಲಿ 3,999 ಕೂಸುಗಳಿಗೆ ಈ ರೋಗವಿಲ್ಲ. "ನಮ್ಮ ಮನ್ಯಾಗ ಮೂರು ತಲಿಮಾರು ಒಳಗೊಳಗ ಮಾಡ್ಕೊಂಡೇವಿ, ಏನೂ ಆಗಿಲ್ಲ" ಎಂದು ಹಿರಿಯರು ಹೇಳುವುದು ಸುಳ್ಳಲ್ಲ, ಹೆಚ್ಚಿನ ಮನೆಗಳಲ್ಲಿ ಅದು ನಿಜವೇ. ಆದರೆ ಹೀಗೆ ಅವಿತು ಕೂತಿರುವ ಕೆಟ್ಟ ಪ್ರತಿಗಳು ಚರ್ಮಕ್ಕೆ ಸೇರಿದವು ಮಾತ್ರವಲ್ಲ. ಕಿವಿ, ಕಣ್ಣು, ರಕ್ತ, ಬುದ್ಧಿ ಬೆಳವಣಿಗೆ, ಎಲ್ಲಕ್ಕೂ ಸೇರಿದವು ಇವೆ. ಒಂದೊಂದೂ ಅಪರೂಪ, ಕೂಡಿಸಿದರೆ ಅಲ್ಲ.

ಮುಧೋಳದವರಿಗೆ ತಳಿಯ ವಿಚಾರ ಹೊಸದಲ್ಲ. ಅಲ್ಲಿನ ಬೇಟೆನಾಯಿಯ ಚಿತ್ರದ ಅಂಚೆಚೀಟಿಯೇ 2005ರಲ್ಲಿ ಬಂದಿದೆ. ನಾಯಿಗಳು ಈ ರೋಗದ ಅಧ್ಯಯನಕ್ಕೂ ನೆರವಾಗಿವೆ. ಗೋಲ್ಡನ್ ರಿಟ್ರೀವರ್ ಎಂಬ ವಿದೇಶಿ ತಳಿಯ ನಾಯಿಗಳಲ್ಲಿ ಹುರುಪೆ ಚರ್ಮ ಸಾಮಾನ್ಯ. ಅದರ ಮೂಲ ಹುಡುಕುತ್ತ ಹೋದ ಸಂಶೋಧಕರಿಗೆ 2012ರಲ್ಲಿ ಪಿಎನ್‌ಪಿಎಲ್‌ಎ1 ಎಂಬ ಜೀನ್ ಸಿಕ್ಕಿತು. ಅದೇ ಜೀನನ್ನು ಮನುಷ್ಯರಲ್ಲಿ ಹುಡುಕಿದಾಗ, ಕಾರಣ ತಿಳಿಯದೆ ಉಳಿದಿದ್ದ ಕೆಲವು ಇಕ್ತಿಯೋಸಿಸ್ ಕುಟುಂಬಗಳಲ್ಲೂ ಅದು ಕೆಟ್ಟಿತ್ತು.

ಹೆರಿಗೆ ಕೋಣೆಗೆ ಮರಳೋಣ. ಮೊದಲ ಕೆಲಸ, ಕೂಸನ್ನು ಬೆಚ್ಚಗೆ ಮತ್ತು ತೇವದಲ್ಲಿ ಇಡುವುದು. ಶಾಖ ಕೊಡುವ ವಾರ್ಮರ್ ಕೆಳಗೆ ಒಣಗಲು ಬಿಟ್ಟರೆ ನೀರು ಇನ್ನಷ್ಟು ಆರುತ್ತದೆ. ಇದಕ್ಕೆ ಬೇಕಾದದ್ದು ತೇವಾಂಶ ಏರಿಸಬಹುದಾದ ಮುಚ್ಚಿದ ಇನ್‌ಕ್ಯುಬೇಟರ್. ಮೊದಮೊದಲು ತೇವಾಂಶ ನೂರಕ್ಕೆ 60ರಿಂದ 80ರಷ್ಟಿಟ್ಟು ಬರಬರುತ್ತ ಇಳಿಸುತ್ತಾರೆ. ಮೈಗೆ ವಾಸನೆಯಿಲ್ಲದ ಬಿಳಿ ವ್ಯಾಸಲೀನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಅನ್ನು ದಿನಕ್ಕೆ ಹಲವು ಸಲ, ಗ್ಲೌಸ್ ತೊಟ್ಟ ಕೈಯಿಂದ ತೆಳುವಾಗಿ ಸವರುವುದು, ಉಜ್ಜದೆ. ಹುರುಪೆ ಕರಗಿಸುವ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಎಳೆಗೂಸಿಗೆ ವಿಷ. ಸೋರುವ ತೊಗಲು ಒಳಮುಖವಾಗಿಯೂ ಸೋರುತ್ತದೆ, ಹಚ್ಚಿದ ಔಷಧ ನೇರ ರಕ್ತಕ್ಕೆ ಇಳಿಯುತ್ತದೆ. ಮುಚ್ಚದ ಕಣ್ಣು ಒಣಗದಂತೆ ಹನಿ, ಮುಲಾಮು. ಅಂಟುಪಟ್ಟಿ ಹಚ್ಚಿ ಕಿತ್ತರೆ ಚರ್ಮವೂ ಬರುತ್ತದೆ, ಆದ್ದರಿಂದ ಅದು ಬೇಡ. ಚೀಪಲಾಗದಿದ್ದರೆ ಅವ್ವನ ಹಾಲನ್ನೇ ಹಿಂಡಿ ಚಮಚೆಯಲ್ಲಿ ಅಥವಾ ನಳಿಗೆಯಲ್ಲಿ ಕೊಡುವುದು. ದಿನವೂ ತೂಕ, ಆಗಾಗ ಸೋಡಿಯಂ ಪರೀಕ್ಷೆ.

ತಾಲ್ಲೂಕು ಆಸ್ಪತ್ರೆಯಿಂದ ಬಾಗಲಕೋಟೆಯ ಅಥವಾ ವಿಜಯಪುರದ ನವಜಾತ ಶಿಶು ಘಟಕಕ್ಕೆ 108ರಲ್ಲಿ ಸಾಗಿಸುವಾಗ ಆ ದಾರಿಯ ಹೊತ್ತೇ ದೊಡ್ಡ ಗಂಡಾಂತರ. ಹೊರಡುವ ಮೊದಲು ಮೈಗೆಲ್ಲ ವ್ಯಾಸಲೀನ್ ಸವರಿ, ಕತ್ತಿನ ಕೆಳಗೆ ಸ್ವಚ್ಛ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಬೆಚ್ಚನೆ ಬಟ್ಟೆ ಹೊದಿಸಿದರೆ ಸೋರಿಕೆ ಬಹಳ ತಗ್ಗುತ್ತದೆ. ದುಬಾರಿ ಯಂತ್ರ ಯಾವುದೂ ಇದಕ್ಕೆ ಬೇಕಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಎಚ್ಚರ. ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುತ್ತಾರೆ, ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಾಕುತ್ತಾರೆ. ಪ್ಯಾರಾಫಿನ್, ವ್ಯಾಸಲೀನ್ ಹೀರಿಕೊಂಡ ಬಟ್ಟೆಗೆ ಕಿಡಿ ತಾಗಿದರೆ ಬೆಂಕಿ ಕ್ಷಣದಲ್ಲಿ ಹಬ್ಬುತ್ತದೆ. ತೊಳೆದ ಬಟ್ಟೆಯಲ್ಲೂ ಅಂಶ ಉಳಿದಿರುತ್ತದೆ. ಈ ಕೂಸಿನ ಹತ್ತಿರ ಕೆಂಡವೂ ಬೇಡ, ಹೊಗೆಯೂ ಬೇಡ. ಜಳಕ ಬೇಕು, ದಿನವೂ, ಉಗುರುಬೆಚ್ಚಗಿನ ನೀರಿನಲ್ಲಿ; ಮೈ ಇನ್ನೂ ಹಸಿಯಿರುವಾಗಲೇ ಜಿಡ್ಡು ಸವರಬೇಕು.

ಬೆಳೆದಂತೆ ಬೇಸಿಗೆ ಕಾಡುತ್ತದೆ. ಹುರುಪೆ ಬೆವರಿನ ರಂಧ್ರ ಮುಚ್ಚಿರುವುದರಿಂದ ಬೆವರು ಬಾರದೆ ಮೈ ಕಾದು ಜ್ವರವೇರುತ್ತದೆ. ಇದನ್ನು ಸೋಂಕಿನ ಜ್ವರವೆಂದು ಕಂಬಳಿ ಹೊದಿಸಿದರೆ ಅನಾಹುತ. ಒದ್ದೆ ಬಟ್ಟೆ, ಫ್ಯಾನು, ನೆರಳು ಬೇಕು. ಶಾಲೆಯಲ್ಲಿ ಮಧ್ಯಾಹ್ನದ ಆಟದಿಂದ ಬಿಡುವು, ಕಿಟಕಿಯ ಪಕ್ಕದ ಜಾಗ, ಮಗ್ಗುಲಲ್ಲಿ ಕೂರುವ ಮಕ್ಕಳಿಗೆ "ಇದು ಅಂಟೂದಿಲ್ಲ" ಎಂದು ಮಾಸ್ತರರೇ ಹೇಳುವುದು — ಮುಲಾಮಿನಷ್ಟೇ ಬೇಕಾದವು ಇವು. ಬಿಸಿಲು ತಪ್ಪಿಸಿ ಒಳಗೇ ಬೆಳೆಯುವ, ದಪ್ಪ ಚರ್ಮದ ಈ ಮಕ್ಕಳಲ್ಲಿ ವಿಟಮಿನ್ ಡಿ ಕೊರತೆಯಿಂದ ಕಾಲಿನ ಮೂಳೆ ಬಾಗುವುದನ್ನು ನಮ್ಮ ದೇಶದ ವೈದ್ಯರು ಮತ್ತೆಮತ್ತೆ ಕಂಡಿದ್ದಾರೆ. ಅದಕ್ಕೆ ಅಗ್ಗದ ಔಷಧವಿದೆ. ಅಸಿಟ್ರೆಟಿನ್ ಎಂಬ ಮಾತ್ರೆ ಹುರುಪೆಯನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಗರ್ಭಕ್ಕೆ ಅದು ಘಾತಕ; ನಿಲ್ಲಿಸಿದ ಮೇಲೂ ಮೂರು ವರ್ಷ ಬಸಿರಾಗುವಂತಿಲ್ಲ. ಹೆಣ್ಣುಮಕ್ಕಳಿಗೆ ಕೊಡುವಾಗ ಇದನ್ನು ಬಿಡಿಸಿ ಹೇಳಲೇಬೇಕು.

ಒಂದು ಕೂಸಿಗೆ ಬಂದ ಮೇಲೆ ಗಂಡಹೆಂಡಿರಿಬ್ಬರೂ ಕೆಟ್ಟ ಪ್ರತಿ ಹೊತ್ತವರೆಂದು ಖಚಿತವಾದಂತೆಯೇ. ಆಗ ಎರಡೂವರೆ ಲಕ್ಷದ ಲೆಕ್ಕವೂ ಇಲ್ಲ, ನಾಲ್ಕು ಸಾವಿರದ ಲೆಕ್ಕವೂ ಇಲ್ಲ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು. "ಒಂದಕ್ಕ ಬಂತು, ಇನ್ನ ಮೂರಕ್ಕ ಚಿಂತಿಲ್ಲ" ಎನ್ನುವವರಿದ್ದಾರೆ. ಹಾಗಿಲ್ಲ, ಪ್ರತಿ ಸಲವೂ ಲೆಕ್ಕ ಮೊದಲಿಂದ.

ಆದ್ದರಿಂದ ಕೂಸು ಉಳಿಯಲಿ, ಉಳಿಯದಿರಲಿ, ಅದರ ಎರಡು ಮಿಲಿಲೀಟರ್ ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ನಳಿಗೆಯಲ್ಲಿ ಜೀನ್ ಪರೀಕ್ಷೆಗೆ ಕಳಿಸಬೇಕು. ದುಃಖದ ಆ ಹೊತ್ತಿನಲ್ಲಿ ರಕ್ತ ಕೇಳುವುದು ಕ್ರೂರವೆನಿಸುತ್ತದೆ, ಮನೆಯವರು ಒಲ್ಲೆ ಎನ್ನುತ್ತಾರೆ, ವೈದ್ಯರೂ ಬಾಯಿ ತೆರೆಯಲು ಹಿಂಜರಿಯುತ್ತಾರೆ. ಕೇಳಲೇಬೇಕು. ಯಾವ ಜೀನಿನ ಯಾವ ಅಕ್ಷರ ಕೆಟ್ಟಿದೆ ಎಂಬುದು ಗೊತ್ತಿದ್ದರೆ ಮಾತ್ರ ಮುಂದಿನ ಬಸಿರನ್ನು ಬೇಗ, ಖಚಿತವಾಗಿ ಪರೀಕ್ಷಿಸಬಹುದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಡಗೂಡಿ, 2021ರ ರಾಷ್ಟ್ರೀಯ ಅಪರೂಪ ರೋಗ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿದೆ. ದಂಪತಿ ಅಲ್ಲಿ ಸಲಹೆ ಪಡೆಯಬಹುದು. ಮುಂದಿನ ಸಲ ಮುಟ್ಟು ನಿಂತ ಕೂಡಲೆ, ಹಳೆಯ ವರದಿಯನ್ನು ಕೈಯಲ್ಲಿ ಹಿಡಿದು ಹೋಗಬೇಕು. 11ರಿಂದ 14ನೇ ವಾರದೊಳಗೆ ಗರ್ಭಕೋಶದ ಮಾಸಿನ ಚೂರು ತೆಗೆದು, ಅಥವಾ 16 ವಾರ ತುಂಬಿದ ಮೇಲೆ ಗರ್ಭದ ನೀರು ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ನಾಲ್ಕರಲ್ಲಿ ಮೂರು ಸಲ ಆ ಉತ್ತರ ಒಳ್ಳೆಯದೇ ಆಗಿರುತ್ತದೆ.